ಕಂಪನಿ ತಪ್ಪು ಬಾಯಿಬಿಟ್ರ ನೌಕರಿ ಉಳೀತೈತೇನ್ರಿ?

ಪ್ರಶ್ನೆ: ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಾಗ ಒಂದು ಪ್ರೈವೇಟ್ ಕಂಪನ್ಯಾಗ ಅಕೌಂಟ್ಸ್ ನೋಡ್ಕೊಂತೀನ್ರಿ. ನಲವತ್ತು ಮಂದಿ ಪಗಾರದಾಗ ತಿಂಗಳಾ ಪಿಎಫ್ ಹಿಡೀತಾರ, ಆದ್ರ ಏಳು ತಿಂಗಳಾತು ಕಟ್ಟೇ ಇಲ್ಲ. ನಾ ಹೇಳಿದೆ ಅಂತ ಗೊತ್ತಾದ್ರ ನೌಕರಿ ಹೊಕ್ಕೈತಿ. ಒಳಗಿನ ತಪ್ಪು ಹೇಳಿದವ್ರನ್ನ ಕಾಯಾಕ ವಿಸಲ್ ಬ್ಲೋವರ್ ಕಾಯ್ದೆ ಅಂತ ಐತಂತಲ್ಲ, ಅದು ನನ್ನ ಕಾಯ್ತೈತೇನ್ರಿ?
(ಹೆಸರು ಬ್ಯಾಡ್ರಿ, ಹುಬ್ಬಳ್ಳಿ)

ಉತ್ತರ: ಇಲ್ರಿ, ಕಾಯಂಗಿಲ್ಲ. ಸುಳ್ಳು ಧೈರ್ಯ ಹೇಳಿ ನಿಮ್ಮನ್ನ ಬಾವ್ಯಾಗ ಇಳಸಾಕ ನನಗ ಮನಸಿಲ್ಲ. ಆ ಕಾಯ್ದೆ 2014ರಾಗ ಪಾರ್ಲಿಮೆಂಟಿನ್ಯಾಗ ಪಾಸಾತು, ರಾಷ್ಟ್ರಪತಿ ಸಹಿನೂ ಬಿತ್ತು, ಜಾರಿ ಮಾಡೋ ನೋಟಿಫಿಕೇಶನ್ ಮಾತ್ರ ಹೊರಡಲೇ ಇಲ್ಲ. ಹೊರಟ್ರೂ ಅದು ಸರ್ಕಾರಿ ಮಂದಿ ಭ್ರಷ್ಟಾಚಾರದ್ದು, ನಿಮ್ಮ ಮಾಲಕರಿಗೆ ತಾಗಂಗಿಲ್ಲ. ಹೆದ್ದಾರಿ ಇಂಜಿನಿಯರ್ ಸತ್ಯೇಂದ್ರ ದುಬೆ ಹೆದ್ದಾರಿ ಕೆಲಸದಾಗಿನ ಭ್ರಷ್ಟಾಚಾರದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರದು ನನ್ನ ಹೆಸರು ಗುಟ್ಟಾಗಿಡ್ರಿ ಅಂದಿದ್ರು, ಪತ್ರ ಹೆಸರಿನ ಸಮೇತ ಆಫೀಸಿಂದ ಆಫೀಸಿಗೆ ತಿರುಗಿತು, 2003ರಾಗ ಗಯಾದಾಗ ಅವರ ಕೊಲೆ ಆತು. ಮರುವರ್ಷ ಕೇಂದ್ರ ಸರ್ಕಾರ ಠರಾವು ಮಾಡಿ ಗುಟ್ಟಿನ ದೂರು ತಗೊಳ್ಳೋ ಕೆಲಸ ಕೇಂದ್ರ ಜಾಗೃತ ಆಯೋಗಕ್ಕ ಕೊಡ್ತು. ಅದೂ ಕೇಂದ್ರದ ಕಚೇರಿ, ಕೇಂದ್ರದ ಕಂಪನಿಗಳಿಗಷ್ಟ.

ಪ್ರೈವೇಟಿಗೆ ಇರೋದು 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್. ಶೇರು ಮಾರ್ಕೆಟಿನ್ಯಾಗ ಲಿಸ್ಟ್ ಆದದ್ದು, ಜನರ ಡಿಪಾಸಿಟ್ ತಗೊಳ್ಳೋದು, ಬ್ಯಾಂಕಿನ ಸಾಲ 50 ಕೋಟಿ ದಾಟಿದ್ದು, ಇಂಥಾ ಕಂಪನಿಗಳು ದೂರು ಹೇಳಾಕ ಒಂದು ವ್ಯವಸ್ಥಾ ಇಡಬೇಕು, ಹೇಳಿದವ್ರನ್ನ ಕಾಡದಂಗ ನೋಡ್ಕೋಬೇಕು. ನಿಮ್ಮ ಕಂಪನಿ ಸಾಲ ಎಷ್ಟೈತಿ ಅಂತ ನಿಮಗ ನನಗಿಂತ ಚಲೋ ಗೊತ್ತಿರ್ತೈತಿ.

ಆದ್ರ ನಿಮ್ಮ ಪುಣ್ಯ ನೋಡ್ರಿ, ಪಿಎಫ್ ಕಟ್ಟಿಲ್ಲ ಅನ್ನೋದು ಅಕೌಂಟ್ಸಿನವ್ರಿಗೆ ಅಷ್ಟ ಗೊತ್ತಿರೋ ಗುಟ್ಟಲ್ಲ, ಮಷಿನ್ ಮ್ಯಾಲ ನಿಂತ ಹುಡುಗ ಮೊಬೈಲಿನ್ಯಾಗ ತನ್ನ ಯುಎಎನ್ (ಪಿಎಫ್ ನಂಬರ್) ಹಾಕಿ ಪಾಸ್‌ಬುಕ್ ತಗದ್ರ ಕಾಣ್ತೈತಿ. ಪಗಾರ ಚೀಟಿ, ಪಾಸ್‌ಬುಕ್ ಎರಡೂ ಜೋಡಿಸಿ ಹತ್ತು ಮಂದಿ ಕೂಡಿ ನವನಗರದ ಪಿಎಫ್ ಆಫೀಸಿಗೆ ಕೊಟ್ರ ಮೊದಲ ಬಾಯಿಬಿಟ್ಟವ್ರು ಯಾರು ಅಂತ ಹುಡುಕೋದು ಮಾಲಕರಿಗೂ ಕಷ್ಟ. ಪಗಾರದಾಗ ಹಿಡದ ಪಿಎಫ್ ರೊಕ್ಕ ಕಟ್ಟದ ಇಟ್ಕೊಂಡ್ರ ಅದು ಭಾರತೀಯ ನ್ಯಾಯ ಸಂಹಿತೆ 316ರ ಒಳಗ ನಂಬಿಕೆ ದ್ರೋಹ ಅನಿಸ್ಕೋತೈತಿ, ಸಣ್ಣ ಮಾತಲ್ಲ ಅದು.

ನೀವು ಮಾತ್ರ ಲೆಡ್ಜರ್ ಫೈಲು ಪೆನ್‌ಡ್ರೈವಿಗೆ ಹಾಕ್ಕೊಂಡು ಮನಿಗೆ ಒಯ್ಯಬ್ಯಾಡ್ರಿ, ವಾಟ್ಸಪ್ ಗ್ರೂಪಿಗಂತೂ ಬಿಡಲೇಬ್ಯಾಡ್ರಿ, ಆಮ್ಯಾಲ ಪಿಎಫ್ ಮಾತು ಬಿಟ್ಟು ನಿಮ್ಮ ಮ್ಯಾಲ ಕಳ್ಳತನದ ಮಾತು ಶುರು ಆಗ್ತೈತಿ. ಯಾವ ದಿನ ಯಾರಿಗೆ ಏನ್ ಹೇಳಿದ್ರಿ, ಅವ್ರು ಏನಂದ್ರು, ಮನ್ಯಾಗ ಒಂದು ಡೈರ್ಯಾಗ ಬರದಿಡ್ರಿ. ಕಟ್ಟೇವಿ ಅಂತ ತೋರ್ಸೋ ಕಾಗದಕ್ಕ ಸಹಿ ಕೇಳಿದ್ರ ಹಾಕಬ್ಯಾಡ್ರಿ.

ಪ್ರಶ್ನೆ: ನಂದೊಂದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿ ಐತ್ರಿ. ಸ್ಟೋರ್ ಕೀಪರ್ ತೂಕದಾಗ ಆಟ ಆಡ್ತಾನ ಅಂತ ಹೆಸರಿಲ್ಲದ ಚೀಟಿ ಬಂದೈತಿ. ಎಲ್ಲಾರ ಕಡೆ ಒಂದೊಂದು ಅರ್ಜಿ ಬರಸಿ ಅಕ್ಷರ ತಾಳೆ ನೋಡ್ಲೇನು?
(ಒಬ್ಬ ಮಾಲಕ, ಗದಗ)

ಉತ್ತರ: ಸಾವ್ಕಾರ್ರ, ಅಕ್ಷರ ಬಿಡ್ರಿ, ತೂಕ ನೋಡ್ರಿ! ಬರದವ ನಿಮ್ಮ ರೊಕ್ಕ ಉಳಸಾಕ ಬಂದಾನ, ನೀವು ಅವನ್ನ ಹಿಡಿಯಾಕ ಹೊಂಟೀರಿ. ಮೂರು ತಿಂಗಳ ವೇ ಬ್ರಿಜ್ ಚೀಟಿ, ಖರೀದಿ ಬಿಲ್ಲು ತಗದು ಹೊರಗಿನ ಆಡಿಟರ್ ಕಡೆಯಿಂದ ಹೊಂದಿಸಿ ನೋಡಸ್ರಿ, ಸ್ಟೋರ್ ಕೀಪರ್ ಬೀಗರ ಕೈಯಾಗ ಮಾತ್ರ ಕೊಡಬ್ಯಾಡ್ರಿ (ನಗಬ್ಯಾಡ್ರಿ, ಸಣ್ಣ ಊರಾಗ ಆಗೋದು ಹಿಂಗ). ಲೆಕ್ಕದಾಗ ಫರಕು ಬಂದ್ರ ಸ್ಟೋರ್ ಕೀಪರನ್ನೂ ಕರದು ಕೇಳ್ರಿ, ಅವ ಹೇಳೋದನ್ನ ಬರದ ತಗೊಳ್ರಿ, ಚೀಟಿ ಒಂದ ಹಿಡಕೊಂಡು ಯಾರನ್ನೂ ತಗಿಯಾಕ ಬರಂಗಿಲ್ಲ. ಅಲ್ಲೀತನಾ ಚೀಟೀನ ನಿಮ್ಮ ಕಪಾಟಿನ್ಯಾಗ ಕೀಲಿ ಹಾಕಿ ಇಡ್ರಿ, ಮನ್ಯಾಗೂ ತೋರ್ಸಬ್ಯಾಡ್ರಿ. ನೋಟಿಸ್ ಬೋರ್ಡಿನ ಮ್ಯಾಲ "ತೂಕದ ಚೌಕಶಿ ನಡದೈತಿ" ಅಂತ ಒಂದು ಸಾಲು ಹಚ್ರಿ, ಬರದವನೂ ಓದ್ತಾನ, ಇನ್ನೊಂದು ಚೀಟಿ ಬಂದ್ರೂ ಬಂದೀತು.