ಟ್ರಕಿಯ ಹಿಮಕ್ಕೆ ಏನೇನು ತಯಾರಿ?

ಪ್ರಶ್ನೆ: ಮಗ, ಸೊಸೆ ಕ್ಯಾಲಿಫೋರ್ನಿಯಾದ ಟ್ರಕಿಗೆ ಮನೆ ಬದಲಾಯಿಸಿದ್ದಾರೆ. ಜನವರಿಗೆ ನಾನೂ ಹೋಗುತ್ತಿದ್ದೇನೆ. ಆಳೆತ್ತರ ಹಿಮ ಬೀಳುತ್ತಂತೆ, ನಿಜವೇ? ಏನು ತಯಾರಿ ಬೇಕು?
– ಒಬ್ಬ ತಾಯಿ, ಹಾಸನ

ಉತ್ತರ: ನಿಜ ಅಮ್ಮಾ. 2022–23ರ ಚಳಿಗಾಲದಲ್ಲಿ ಪಕ್ಕದ ಡಾನರ್ ಘಾಟಿಯ ಹಿಮ ಪ್ರಯೋಗಾಲಯದ ಲೆಕ್ಕಕ್ಕೆ ಸಿಕ್ಕಿದ್ದು 754 ಇಂಚು! ನಾನು ಸಾಗರದವಳು. ಇಲ್ಲಿ ಹನ್ನೊಂದು ಚಳಿಗಾಲ ಕಳೆದೆ. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟಿ, ಹಪ್ಪಳ ಮಾಡಿಡುತ್ತಿದ್ದರಲ್ವಾ, ಇದೂ ಹಾಗೇ. ಹೆದ್ದಾರಿ 80 ಮುಚ್ಚಿದರೆ ಅಂಗಡಿಗೆ ಸಾಮಾನು ಬರುವುದು ಕಷ್ಟ. ವಾರಕ್ಕಾಗುವಷ್ಟು ದಿನಸಿ, ನೀರು, ನಿಮ್ಮ ಮಾತ್ರೆ ಇರಲಿ. ಕರೆಂಟ್ ಹೋದರೆ ಅವಲಕ್ಕಿ, ಚಟ್ನಿಪುಡಿಯೇ ಗತಿ.

ನನಗೆ ಜಾಸ್ತಿ ಭಯ ಹೀಟರಿನ ಹೊಗೆಯದು. ಗೋಡೆಯಾಚೆಯ ಹೊಗೆ ಕೊಳವೆಯನ್ನು ಹಿಮ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಒಳಗೇ ತುಂಬುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಒಮ್ಮೆ ನಡುರಾತ್ರಿ ನಮ್ಮ ಮನೆಯಲ್ಲಿ ಈ ಅನಿಲ ಪತ್ತೆಹಚ್ಚುವ ಅಲಾರಂ ಕೂಗಿತು. ಸ್ವೆಟರ್ ಕೂಡ ಹಾಕದೆ ಎಲ್ಲರೂ ಹೊರಗೋಡಿದೆವು. ಆ ಅಲಾರಂಗೆ ಹೊಸ ಬ್ಯಾಟರಿ ಹಾಕಿದ್ದಾರಾ ಅಂತ ಮಗನನ್ನು ಇವತ್ತೇ ಕೇಳಿ.

ಸಲಿಕೆ ಮನೆಯೊಳಗೇ ಇರಲಿ. ಮೊದಲ ವರ್ಷ ಹಿತ್ತಲಲ್ಲಿಟ್ಟು, ಅದನ್ನು ಹುಡುಕಲು ಊಟದ ತಟ್ಟೆಯಲ್ಲಿ ಹಿಮ ಬಗೆದವರು ನಾವು.