ಮಣ್ಣಿನ ಹದ, ತರಗತಿಯ ಗಂಟೆ

ಪ್ರಶ್ನೆ: ಹದಿನಾಲ್ಕು ವರ್ಷಗಳಿಂದ ಕುಂಬಾರಿಕೆಯೇ ನನ್ನ ಪೂರ್ಣಾವಧಿ ಕಸುಬು. ಈಗ ಕಲಾ ಕಾಲೇಜೊಂದು ವಾರಕ್ಕೆ ಮೂರು ದಿನ ಪಾಠ ಮಾಡಲು ಕರೆದಿದೆ. ತಂಡಕ್ಕೆ 16 ವಿದ್ಯಾರ್ಥಿಗಳು. ತಿಂಗಳ ಸಂಬಳ ನನಗೆ ಬೇಕಾಗಿದೆ. ಆದರೆ ನನ್ನ ಕೆಲಸ ನಿಂತುಹೋದರೆ? ಕೈಗೆ ಗೊತ್ತಿರುವುದನ್ನು ಬಾಯಲ್ಲಿ ಹೇಳಲು ಬರದಿದ್ದರೆ? ಮನೆಯವರು ‘ಮೂರೇ ದಿನ ತಾನೇ’ ಎನ್ನುತ್ತಾರೆ. ನನಗೆ ಮಾತ್ರ ನಿದ್ದೆ ಬರುತ್ತಿಲ್ಲ.

ಉತ್ತರ: ನಿಮ್ಮ ಅಳುಕು ಸುಳ್ಳಲ್ಲ. ದಿನಗಳ ಲೆಕ್ಕ ಹಾಕುವವರಿಗೆ ಮಣ್ಣಿನ ಲೆಕ್ಕ ಗೊತ್ತಿರುವುದಿಲ್ಲ. ಸೋಮವಾರ ಸಂಜೆ ತಿಗರಿಯಿಂದ, ಅಂದರೆ ಕುಂಬಾರನ ಚಕ್ರದಿಂದ, ಇಳಿಸಿದ ಬಟ್ಟಲು ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಅರೆ ಒಣಗಿ ಚರ್ಮದಷ್ಟು ಗಟ್ಟಿಯಾಗುವ ‘ಚರ್ಮದ ಹದ’ಕ್ಕೆ ಬಂದು, ಬುಡ ಹೆರೆಯುವ ಕೈಗಾಗಿ ಕಾಯುತ್ತಿರುತ್ತದೆ. ಆಗ ನೀವು ತರಗತಿಯಲ್ಲಿರುತ್ತೀರಿ. ಬುಧವಾರ ಬಂದು ನೋಡಿದರೆ ಅಂಚು ಬೆಳ್ಳಗಾಗಿದೆ, ಹೆರೆದರೆ ಸುರುಳಿ ಏಳುವ ಬದಲು ಪುಡಿ ಉದುರುತ್ತದೆ, ಹಿಡಿಕೆ ಅಂಟಿಸಿದರೆ ಬೆಸುಗೆಯಲ್ಲೇ ಬಿರುಕು. ಈ ಪಾಠದ ಕೆಲಸ ನಿಮ್ಮಿಂದ ಮೊದಲು ಕಸಿದುಕೊಳ್ಳುವುದು ಈ ಹದವನ್ನು. ಅದನ್ನು ಕಾಯುವ ಏರ್ಪಾಡಾದರೆ ಉಳಿದದ್ದು ಸುಧಾರಿಸುತ್ತದೆ.

ಮುಚ್ಚಳ ಬಿಗಿಯಾಗಿ ಕೂರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಗಳು ನಾಲ್ಕೈದು ಬೇಕು. ಪ್ರತಿಯೊಂದರ ತಳಕ್ಕೂ 3 ಸೆಂ.ಮೀ. ದಪ್ಪಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಎರೆಯಿರಿ. ಗಟ್ಟಿಯಾದ ಮೇಲೆ ಅದು ಕುಡಿಯುವಷ್ಟು ನೀರು ಹಾಕಿ, ಮೇಲೆ ನಿಂತ ನೀರನ್ನು ಚೆಲ್ಲಿಬಿಡಿ. ಚರ್ಮದ ಹದದ ಪಾತ್ರೆ ಇದರೊಳಗೆ ವಾರಗಟ್ಟಲೆ ಹಾಗೇ ಇರುತ್ತದೆ. ಪ್ಲಾಸ್ಟರ್‌ನ ಚೂರು ಮಾತ್ರ ಮಣ್ಣಿಗೆ ಸೇರಕೂಡದು. ಸುಟ್ಟ ಮೇಲೂ ಅದು ತೇವ ಹೀರಿ ಉಬ್ಬಿ, ಪಾತ್ರೆಯ ಮೈಯಿಂದ ಚಕ್ಕೆ ಹಾರಿಸುತ್ತದೆ.

ಪಾಠವಿರುವ ದಿನಗಳ ಸಂಜೆ ತಿಗರಿಯ ಮುಂದೆ ಕೂರಬೇಡಿ. ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ) ತೂಗುವುದು, ಸೋಸುವುದು, ಮಣ್ಣು ನಾದಿಡುವುದು, ಪ್ಯಾಕ್ ಮಾಡುವುದು, ಹೀಗೆ ನಡುವೆ ಬಿಟ್ಟೆದ್ದರೂ ಕೆಡದ ಕೆಲಸಗಳನ್ನು ಆಗ ಮಾಡಿ. ತಿಗರಿಯ ಕೆಲಸವೆಲ್ಲ ಎರಡು ದಿನ ಬಿಡುವು ಒಟ್ಟಿಗೆ ಸಿಗುವಾಗ. ವೇಳಾಪಟ್ಟಿ ಬರೆಯುವವರ ಹತ್ತಿರ ಮೂರು ದಿನಗಳನ್ನು ಬೆನ್ನುಬೆನ್ನಿಗೆ ಕೇಳಿ ಪಡೆಯಿರಿ; ದಿನ ಬಿಟ್ಟು ದಿನ ಕೊಟ್ಟರೆ ನಿಮ್ಮ ವಾರವೇ ಚೂರುಚೂರಾಗುತ್ತದೆ. ಮೊದಲ ಸೆಮಿಸ್ಟರ್‌ಗೆ ಹೊಸ ಆರ್ಡರ್‌ಗಳನ್ನು ಅರ್ಧಕ್ಕಿಳಿಸಿ, ಒಪ್ಪಿಕೊಂಡವಕ್ಕೂ ದುಪ್ಪಟ್ಟು ಸಮಯ ಹೇಳಿ.

ಇನ್ನು ಪಾಠ. ನಿಮ್ಮ ಕೈ ಎಷ್ಟು ಪಳಗಿದೆಯೆಂದರೆ ಅದು ಏನು ಮಾಡುತ್ತಿದೆ ಎಂದು ನಿಮಗೇ ಕಾಣುವುದಿಲ್ಲ. ಕಾಲೇಜಿಗೆ ಹೋಗುವ ಮೊದಲು ಮೇಲಿನಿಂದೊಮ್ಮೆ, ಪಕ್ಕದಿಂದೊಮ್ಮೆ ನಿಮ್ಮ ಕೈಯ ವಿಡಿಯೊ ಮಾಡಿಕೊಂಡು ನೋಡಿ. ಎಡ ಮೊಣಕೈ ತೊಡೆಗೆ ಊರುವುದು, ಗೋಡೆ ಎತ್ತುವಾಗ ಬೆರಳು ಚಕ್ರದ ವೇಗಕ್ಕೆ ತಕ್ಕಂತೆ ನಿಧಾನವಾಗಿ ಏರುವುದು, ಬಾಯಂಚಿಗೆ ಬಂದ ಕೈಯನ್ನು ತಟ್ಟನೆ ಕಿತ್ತುಕೊಳ್ಳದಿರುವುದು: ನೀವು ಹೇಳಿಕೊಡಬೇಕಾದ್ದು ಇವನ್ನೇ. ತರಗತಿಯಲ್ಲಿ ಒಂದೇ ಪಾತ್ರೆಯನ್ನು ಮೂರು ಸಲ ಮಾಡಿ ತೋರಿಸಿ. ಮೊದಲು ಮಾತಿಲ್ಲದೆ, ಮಾಮೂಲಿ ವೇಗದಲ್ಲಿ. ಆಮೇಲೆ ನಿಧಾನವಾಗಿ, ಹೇಳುತ್ತಾ. ಕೊನೆಗೆ ಪ್ರತಿ ಹಂತದಲ್ಲೂ ಚಕ್ರ ನಿಲ್ಲಿಸಿ, ಕೈ ಇದ್ದಲ್ಲೇ ಇಟ್ಟು.

ವಿದ್ಯಾರ್ಥಿಗಳಿಗೆ 500 ಗ್ರಾಂನ ಉಂಡೆ ಸಾಕು. ಮೊದಲ ಹತ್ತು ಪಾತ್ರೆಗಳನ್ನು ಯಾರೂ ಎತ್ತಿಡುವ ಹಾಗಿಲ್ಲ, ತಂತಿಯಿಂದ ನೆತ್ತಿಯಿಂದ ಬುಡದವರೆಗೆ ಸೀಳಿ ನೋಡಬೇಕು. ಬಾಯಲ್ಲಿ 3 ಮಿ.ಮೀ., ಬುಡದ ಮೂಲೆಯಲ್ಲಿ 15 ಮಿ.ಮೀ. ಇರುವ ಗೋಡೆಯನ್ನು ಕಣ್ಣಾರೆ ಕಂಡ ಹುಡುಗಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಸೀಳುವಾಗ ಬೇಸರಪಡುತ್ತಾರೆ, ಪಡಲಿ.

ಪಾತ್ರೆ ಸುಡುವ ಗೂಡು, ಆವಿಗೆಯೇ, ನಿಮ್ಮನ್ನು ಹೆಚ್ಚು ಕಾಡುವುದು. ಪಾತ್ರೆ ಸಿಡಿದಾಗಲೆಲ್ಲ ಗಾಳಿಗುಳ್ಳೆಯನ್ನು ದೂರುವುದು ರೂಢಿ. ಆದರೆ ಸಿಡಿಸುವುದು ಮಣ್ಣಿನೊಳಗೆ ಉಳಿದ ನೀರು. 100 ಡಿಗ್ರಿಯಲ್ಲಿ ಆವಿಯಾಗಿ, ದಪ್ಪ ಗೋಡೆಯಿಂದ ಹೊರಬರಲು ದಾರಿ ಸಿಗದೆ ಒಡೆದು ಬರುತ್ತದೆ. ಒಣಗಿದೆ ಎಂದು ತಂದ ಪಾತ್ರೆಯ ಬುಡವನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆನಿಸಿದರೆ ಒಳಗಿನ್ನೂ ತೇವವಿದೆ. ನಿಮ್ಮ ತೆಳು ಪಾತ್ರೆಗಳ ಲೆಕ್ಕದಲ್ಲಿ ವಿದ್ಯಾರ್ಥಿಗಳ ಪಾತ್ರೆಗಳನ್ನು ಸುಡಬೇಡಿ. 85 ಡಿಗ್ರಿಯಲ್ಲಿ ರಾತ್ರಿಯಿಡೀ ಹಿಡಿದು, ಅಲ್ಲಿಂದ 600 ದಾಟುವವರೆಗೆ ಗಂಟೆಗೆ 60ರಂತೆ ಏರಿಸಿ. 573ರ ಬಳಿ ಮಣ್ಣಿನಲ್ಲಿರುವ ಕ್ವಾರ್ಟ್ಜ್ ಎಂಬ ಖನಿಜ ಹಿಗ್ಗುವುದರಿಂದ ಅವಸರಪಟ್ಟರೆ ಬಿರುಕು. ತಣಿಯುವುದೂ ಸೇರಿ ಎರಡು ದಿನ ಹಿಡಿಯುತ್ತದೆ.

16 ಜನ ತಲೆಗೆ ಆರು ಪಾತ್ರೆ ಮಾಡಿದರೆ 96. ಆವಿಗೆಯಲ್ಲಿ ಒಂದು ಸಲಕ್ಕೆ ಸುಮಾರು 35 ಹಿಡಿದರೂ ಬಿಸ್ಕ್‌ಗೆ, ಅಂದರೆ ಗ್ಲೇಜ್ ಹಚ್ಚುವ ಮೊದಲಿನ ಸುಡುವಿಕೆಗೆ, ಮೂರು ಸಲ. ಗ್ಲೇಜ್ ಹಚ್ಚಿದ ಪಾತ್ರೆಗಳು ಒಂದಕ್ಕೊಂದು ತಾಗಬಾರದು, ಹಾಗಾಗಿ ಅದಕ್ಕೆ ನಾಲ್ಕು ಸಲವಾದರೂ ಬೇಕು. 16 ವಾರದ ಸೆಮಿಸ್ಟರ್‌ನಲ್ಲಿ ಹಸಿಮಣ್ಣಿನ ಕೆಲಸವನ್ನು 12ನೇ ವಾರಕ್ಕೇ ನಿಲ್ಲಿಸಿ, ಈ ದಿನಾಂಕವನ್ನು ಮೊದಲ ದಿನವೇ ಗೋಡೆಗೆ ಅಂಟಿಸಿ. ಮನೆಯ ಮಣ್ಣನ್ನೂ ಕಾಲೇಜಿನ ಮಣ್ಣನ್ನೂ ಬೆರೆಸಬೇಡಿ. 1050 ಡಿಗ್ರಿಗೆ ಹದವಾಗುವ ಕೆಂಪುಮಣ್ಣಿನ ಒಂದು ಲೋಟ 1220ರ ಸುಡುವಿಕೆಗೆ ಸೇರಿಕೊಂಡರೆ ಕರಗಿ ಆವಿಗೆಯ ಹಲಗೆಗೇ ಅಂಟಿಕೊಳ್ಳುತ್ತದೆ. ನೆಲವನ್ನು ಒದ್ದೆ ಬಟ್ಟೆಯಲ್ಲೇ ಒರೆಸಿ, ಒಣಗುಡಿಸುವುದು ಬೇಡ. ಸಿಲಿಕಾ ಧೂಳು ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ.

ಅಂಕವನ್ನು ಆವಿಗೆಯಿಂದ ಹೊರಬಂದ ಚೆಲುವಿಗಷ್ಟೇ ಕೊಡಬೇಡಿ. 500 ಗ್ರಾಂನಲ್ಲಿ 12 ಸೆಂ.ಮೀ. ಎತ್ತರದ ಐದು ಲೋಟ, ಒಂದಕ್ಕೊಂದು 1 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿಲ್ಲದೆ: ಇಂಥದ್ದನ್ನು ಅಳೆಯಬಹುದು, ತಕರಾರೂ ಬರುವುದಿಲ್ಲ.

ಸಹಿ ಹಾಕುವ ಮುನ್ನ ಮೂರು ಮಾತು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಆವಿಗೆ ತುಂಬಿ ಸುಡಲು ಸಹಾಯಕರಿದ್ದಾರೆಯೇ? ಇಲ್ಲದಿದ್ದರೆ ಆ ಗಂಟೆಗಳು ನಿಮ್ಮ ಕೆಲಸದ ಅವಧಿಗೆ ಸೇರುತ್ತವೆಯೇ? ರಜೆಯ ತಿಂಗಳುಗಳಿಗೆ ಸಂಬಳವಿದೆಯೇ? ಸುಡುವ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ನಿಮ್ಮ ಮೂರು ದಿನ ಐದಾಗುತ್ತದೆ. ಅಂಥ ಕರಾರಿಗೆ, ಸಂಬಳ ಎಷ್ಟೇ ಬೇಕಿದ್ದರೂ, ಸಹಿ ಹಾಕಬೇಡಿ. ಲೆಕ್ಕಕ್ಕೆ ಹಿಡಿಯುತ್ತಾರೆ ಎಂದಾದರೆ ಒಪ್ಪಿಕೊಳ್ಳಿ, ಮತ್ತು ಪ್ಲಾಸ್ಟರ್ ಡಬ್ಬಿಗಳನ್ನು ಈ ವಾರವೇ ಎರೆದಿಡಿ.