ಒಮ್ಮೆಯೂ ಗೆರೆ ದಾಟದ ಹುಡುಗಿ

"ನಾನು ಯಾವಾಗ್ಲೂ ಐದನೆಯವಳು ಮೇಡಂ." ಅನುಷಾ (ಹೆಸರು, ಗುರುತು ಬದಲಿಸಿದ್ದೇನೆ) ನನ್ನ ಆಪ್ತಸಲಹೆಯ ಕೋಣೆಯಲ್ಲಿ ಕೂತವಳೇ ಹೇಳಿದ ಮಾತಿದು. 19 ವರ್ಷ. ಹತ್ತರ ವಯಸ್ಸಿನಲ್ಲಿ ಬೆಂಗಳೂರಿನ ಕೆರೆಯೊಂದರಲ್ಲಿ ಆಪ್ಟಿಮಿಸ್ಟ್ ಎಂಬ ಮಕ್ಕಳ ಹಾಯಿದೋಣಿ ಹತ್ತಿದವಳು. ಈಗ ಒಬ್ಬಳೇ ನಡೆಸುವ ಐಎಲ್‌ಸಿಎ 6 ದೋಣಿಯಲ್ಲಿ ರಾಷ್ಟ್ರಮಟ್ಟದ ರೇಸುಗಳಿಗೆ ಹೋಗುತ್ತಾಳೆ. ಮೂರು ವರ್ಷದಿಂದ ಸ್ಥಾನ ಐದು, ಆರು, ಮತ್ತೆ ಐದು. ರೇಸಿನ ಹಿಂದಿನ ರಾತ್ರಿ ನಿದ್ದೆಯಿಲ್ಲ, ಬೆಳಗ್ಗೆ ವಾಂತಿ. ಬಿಟ್ಟುಬಿಡಲಾ ಎಂದು ಕೇಳಲು ಬಂದಿದ್ದಳು.

ನನಗೆ ಈಜು ಕೂಡ ಬಾರದು. ಹಾಗಾಗಿ ಮೊದಲ ಭೇಟಿಯಲ್ಲಿ ಅವಳೇ ಮೇಷ್ಟ್ರು. ಮೇಜಿನ ಮೇಲೆ ಎರಡು ಪೆನ್ನಿಟ್ಟು ನಡುವಿನ ಜಾಗವೇ ಆರಂಭದ ಗೆರೆ ಎಂದಳು. ಹೊರಡಲು ಐದು ನಿಮಿಷ ಇರುವಾಗ ಮೊದಲ ಸದ್ದು. ಕಾರಿನ ಹಾಗೆ ಬ್ರೇಕ್ ಹಾಕಿ ನಿಲ್ಲುವಂತಿಲ್ಲ. ಗಾಳಿ, ಅಲೆ, ಪಕ್ಕದ ದೋಣಿ ಎಲ್ಲವೂ ತಳ್ಳುತ್ತಿರುವಾಗಲೇ ಗೆರೆಯ ಹಿಂದೆ ಹೊಂಚು ಹಾಕಿ, ಕೊನೆಯ ಸದ್ದಿಗೆ ಸರಿಯಾಗಿ ವೇಗ ಹಿಡಿದು ದಾಟಬೇಕು. ಮೊದಲೇ ದಾಟಿದರೆ ಹಿಂದೆ ಬಂದು ಮತ್ತೆ ಹೊರಡಬೇಕು. ಕಪ್ಪು ಬಾವುಟ ಹಾರಿಸಿದ ರೇಸಿನಲ್ಲಿ ಕೊನೆಯ ನಿಮಿಷದಲ್ಲಿ ದಾಟಿದರೆ ಆ ರೇಸೇ ಹೋಯಿತು. ತಡವಾದರೆ? ಮುಂದಿನ ಹಾಯಿಗಳು ಬಳಸಿ ಬಿಟ್ಟ ಕದಡಿದ ಗಾಳಿಯೇ ಗತಿ. ಅವರು ಅದಕ್ಕೆ 'ಡರ್ಟಿ ಏರ್' ಅನ್ನುತ್ತಾರಂತೆ. "ಎಂಜಲು ಗಾಳಿ ಅನ್ನು" ಎಂದೆ. ಅಂದು ಅವಳು ನಕ್ಕಿದ್ದು ಅದೊಂದೇ ಸಲ.

"ನೀನು ಎಷ್ಟು ಸಲ ಮೊದಲೇ ದಾಟಿ ಸಿಕ್ಕಿಬಿದ್ದಿದ್ದೀಯ?"

"ಒಂದ್ ಸಲಾನೂ ಇಲ್ಲ ಮೇಡಂ." ದನಿಯಲ್ಲಿ ಹೆಮ್ಮೆಯಿತ್ತು. ಸ್ವಲ್ಪ ಹೊತ್ತು ಬಿಟ್ಟು, "ಕೋಚ್ ಅದಕ್ಕೇ ಬೈತಾರೆ" ಎಂದಳು.

ಗಂಟು ಅಲ್ಲಿತ್ತು. ಎಂಜಲು ಗಾಳಿಯಲ್ಲಿ ಹೊರಟೂ ಐದನೆಯವಳಾಗುವವಳಿಗೆ ದೋಣಿ ನಡೆಸಲು ಬರುವುದಿಲ್ಲ ಎನ್ನಲಾಗದು. ತಪ್ಪು ಮಾಡುವ ಧೈರ್ಯವಿರಲಿಲ್ಲ, ಅಷ್ಟೆ. ಅದು ಯಾಕೆ ಎನ್ನುವುದು ಹೊರಬರಲು ಇನ್ನೂ ಎರಡು ಭೇಟಿ ಬೇಕಾಯಿತು. ಸೆಕೆಂಡ್ ಹ್ಯಾಂಡ್ ದೋಣಿ, ಹೊಸ ಹಾಯಿ, ಹೊರದೇಶದ ರೇಸಿಗೆ ವಿಮಾನ, ಅಲ್ಲಿ ಬಾಡಿಗೆ ದೋಣಿ, ಎಲ್ಲಕ್ಕೂ ಅಪ್ಪ ಸಾಲ ಮಾಡಿದ್ದರು. ಮಗಳಿಗೆ ಒಂದು ಮಾತು ಆಡಿದವರಲ್ಲ. ಆದರೆ ಲೆಕ್ಕದ ಪುಸ್ತಕ ಒಂದು ದಿನ ಮೇಜಿನ ಮೇಲೆ ತೆರೆದಿತ್ತು, ಇವಳು ಓದಿದಳು. ಅಂದಿನಿಂದ ಪ್ರತಿ ರೇಸೂ ಒಂದು ಕಂತು. ಕಂತು ತಪ್ಪಿಸುವಂತಿಲ್ಲ!

ಅವಳ ಆಟದ ಲೆಕ್ಕ ಅಷ್ಟು ನಿರ್ದಯಿಯಲ್ಲ. ಒಂದು ಕೂಟದಲ್ಲಿ ಹಲವು ರೇಸು. ಪ್ರತಿಯೊಂದರಲ್ಲೂ ಮೊದಲು ಬಂದರೆ ಒಂದು ಅಂಕ, ಎರಡನೆಯವರಿಗೆ ಎರಡು. ಒಟ್ಟಿನಲ್ಲಿ ಕಡಿಮೆ ಅಂಕದವರು ಗೆಲ್ಲುತ್ತಾರೆ. ಸಾಕಷ್ಟು ರೇಸುಗಳಾದರೆ ಅತಿ ಕೆಟ್ಟ ಒಂದನ್ನು ಲೆಕ್ಕದಿಂದ ಬಿಡುತ್ತಾರೆ. "ನಿಮ್ಮ ನಿಯಮಾನೇ ಒಂದು ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಲ್ಲ, ನೀನು ಯಾಕೆ ಅದನ್ನ ಬಳಸ್ತಾ ಇಲ್ಲ?" ಎಂದೆ. ಉತ್ತರ ಬರಲಿಲ್ಲ. ನಾನೂ ಒಂದಿಷ್ಟು ಓದಿಕೊಂಡಿದ್ದೆ. ಡೆನ್ಮಾರ್ಕಿನ ಪಾಲ್ ಎಲ್ವ್‌ಸ್ಟ್ರೋಮ್ 1948ರ ಒಲಿಂಪಿಕ್ಸಿನ ಮೊದಲ ರೇಸನ್ನೇ ಪೂರ್ತಿ ಮಾಡಲಿಲ್ಲ; ಆದರೂ ಆ ಸಲದ ಚಿನ್ನ ಅವರದೇ. ಮುಂದಿನ ಮೂರು ಒಲಿಂಪಿಕ್ಸಿನಲ್ಲೂ ಅವರೇ ಗೆದ್ದರು. ನಮ್ಮ ಹಾಯಿದೋಣಿಗಾರ್ತಿ ನೇತ್ರಾ ಕುಮನನ್ ಟೋಕಿಯೊದಲ್ಲಿ 35ನೆಯವರು, ಪ್ಯಾರಿಸಿನಲ್ಲಿ 21. ಹದಿನಾಲ್ಕು ಮೆಟ್ಟಿಲಿಗೆ ಮೂರು ವರ್ಷ! ಅನುಷಾಗೆ ಇವೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು. ತನಗೂ ಅನ್ವಯಿಸುತ್ತದೆ ಎಂದು ಮಾತ್ರ ಅನ್ನಿಸಿರಲಿಲ್ಲ.

ನಾನು ಕೊಟ್ಟ ಸಲಹೆ ಸಣ್ಣದು. ಮುಂದಿನ ಆರು ವಾರ ಅಭ್ಯಾಸದಲ್ಲಿ ಹತ್ತು ಸಲ ಹೊರಟರೆ ಮೂರು ಸಲವಾದರೂ ಮೊದಲೇ ದಾಟಬೇಕು. ದಾಟದಿದ್ದರೆ ಆ ದಿನದ ಪಾಠ ಮುಗಿದಿಲ್ಲ ಅಂತಲೇ ಲೆಕ್ಕ. ಕೋಚ್ ಕೂಡಲೇ ಒಪ್ಪಿದರು. ರೇಸಿನ ದಿನ ಬರೆದಿಡಬೇಕಾದದ್ದು ಸ್ಥಾನವಲ್ಲ: ಗಾಳಿ ಎತ್ತ ತಿರುಗಿತು, ಯಾವಾಗ ತಿರುಗಿತು, ನಾನೇನು ಮಾಡಿದೆ. ತೂಕದ ಗೋಳೂ ಇತ್ತು. ಜೋರು ಗಾಳಿಯಲ್ಲಿ ದೋಣಿಯಂಚಿನಿಂದ ಹೊರಗೆ ಬಾಗಿ ಅದನ್ನು ಮಟ್ಟಸವಾಗಿ ಹಿಡಿಯಲು ಮೈಭಾರ ಬೇಕು, ಕೋಚ್ ತಿನ್ನು ಅನ್ನುತ್ತಾರೆ. ಮದುವೆಮನೆಯಲ್ಲಿ ಅತ್ತೆಯಂದಿರು ದಪ್ಪಗಾದೆ ಅನ್ನುತ್ತಾರೆ. ಅದನ್ನು ಆಹಾರತಜ್ಞೆಗೆ ವಹಿಸಿದೆ. ಅತ್ತೆಯಂದಿರಿಗೆ ನನ್ನಲ್ಲಿ ಮದ್ದಿಲ್ಲ.

ಬಿಡಬೇಕೋ ಬೇಡವೋ ಎಂಬುದಕ್ಕೆ ನಾನು ಉತ್ತರ ಹೇಳಲಿಲ್ಲ. ತುದಿ ಮುಟ್ಟುತ್ತೀ ಎಂದು ಆಸೆ ಹುಟ್ಟಿಸಲೂ ಇಲ್ಲ. ಅಷ್ಟು ದುಡ್ಡು, ಅಷ್ಟು ವರ್ಷ ಸುರಿದವರಲ್ಲಿ ಹೆಚ್ಚಿನವರು ತಲುಪುವುದಿಲ್ಲ. ಎರಡು ವರ್ಷದ ಗಡುವು ಹಾಕಿಕೋ, ಅಷ್ಟರಲ್ಲಿ ಡಿಗ್ರಿ ಮುಗಿಸು, ಆಮೇಲೆ ಅಪ್ಪನ ಜೊತೆ ಕೂತು ಪುಸ್ತಕ ತೆರೆ ಎಂದೆ.

ಅಪ್ಪನನ್ನೂ ಕರೆಸಿದೆ. ರೇಸು ಮುಗಿದ ಸಂಜೆ "ಎಷ್ಟನೇ ಸ್ಥಾನ?" ಎಂದು ಕೇಳಬೇಡಿ ಎಂದದ್ದಕ್ಕೆ ಅವರು ಗಾಬರಿಯಾದರು. "ಕೇಳ್ದಿದ್ರೆ ಅಪ್ಪಂಗೆ ಅಕ್ಕರೆ ಇಲ್ಲ ಅಂದ್ಕೊಳ್ತಾಳಲ್ಲ ಮೇಡಂ?" ಬೇರೆ ಏನಾದರೂ ಕೇಳಿ ಎಂದೆ. "ದೋಣಿ ವಿಷ್ಯ ನಂಗೇನೂ ಗೊತ್ತಿಲ್ವೇ" ಎಂದರು. ಒಂಬತ್ತು ವರ್ಷ ದುಡ್ಡು ಹಾಕಿದ ಮನುಷ್ಯ! ಸಾಲದ ಮಾತನ್ನು ಅವರೇ ಮಗಳೊಂದಿಗೆ ಆಡಬೇಕೆಂದೂ ಹೇಳಿದೆ. ಅದು ಇನ್ನೂ ಅರ್ಧಕ್ಕೇ ನಿಂತಿದೆ.

ಎರಡೂವರೆ ತಿಂಗಳ ಮೇಲೆ ಹೈದರಾಬಾದಿನ ಹುಸೇನ್ ಸಾಗರದಿಂದ ಅನುಷಾಳ ಧ್ವನಿಸಂದೇಶ ಬಂತು. "ಎರಡು ಸಲ ಮೊದಲೇ ಗೆರೆ ದಾಟ್ಬಿಟ್ಟೆ ಮೇಡಂ, ಒಂದೇ ಬಿಡ್ತಾರೆ. ಒಟ್ಟಾರೆ ಒಂಬತ್ತನೇ ಸ್ಥಾನ. ಆದ್ರೆ ಒಂದು ರೇಸ್‌ನಲ್ಲಿ ತಿರುವಿಗೆ ಅಂತ ನೀರಲ್ಲಿ ತೇಲಿಬಿಟ್ಟಿರೋ ಮೊದಲ ಗುರುತನ್ನ ಎಲ್ಲರಿಗಿಂತ ಮುಂಚೆ ನಾನೇ ಸುತ್ತಿದ್ದು, ಹಿಂದೆ ತಿರುಗಿ ನೋಡಿದ್ರೆ ಎಲ್ಲರೂ ನನ್ನ ಎಂಜಲು ಗಾಳೀಲಿ!" ಕೊನೆಯಲ್ಲಿ ಇನ್ನೊಂದು ಸಾಲು: ಅಪ್ಪ ಫೋನ್ ಮಾಡಿ, ಗಾಳಿ ಹೇಗಿತ್ತಮ್ಮ ಎಂದು ಕೇಳಿ, ಮುಂದೇನು ಕೇಳಬೇಕೋ ತಿಳಿಯದೆ ಸುಮ್ಮನಾದರಂತೆ.